ಗುಡ್ಡೆಯ ಮೇಲಿನ ಮಜಲು

ಜ್ಯೋತಿಷ್ಯದ ಪ್ರಶ್ನೆ ಇಟ್ಟದ್ದು ಮಕರ ತಿಂಗಳಲ್ಲಿ, ದೊಡ್ಡಪ್ಪನ ಮನೆಯ ಚಾವಡಿಯಲ್ಲಿ. ದೈವಜ್ಞರು ಕವಡೆ ಎಣಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತು, ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದ್ದು ಇಷ್ಟು: ಈ ತರವಾಡಿನ, ಎಂದರೆ ಮನೆತನದ, ಮೂಲನಾಗ ಇಲ್ಲಿಯದಲ್ಲ, ಹೊಳೆಯ ಆಚೆಯದ್ದು. ಅದಕ್ಕೆ ತಂಬಿಲದ ಪೂಜೆ ಕಾಣದೆ ತಲೆಮಾರುಗಳಾಗಿವೆ. ಹುಡುಗರಿಗೆ ಮದುವೆ ಕೂಡಿಬಾರದ್ದು ಅದಕ್ಕೇ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಮಾಡಿನ ಪಕ್ಕಾಸು ನೋಡಿದರು. "ಎನಗೆ ಗೊಂತಿಲ್ಲೆ. ಅಪ್ಪ ಹೇಳಿದ್ದವಿಲ್ಲೆ" ಅಂದರು.

ತೋಟ ನೋಡಿಕೊಂಡು ಮನೆಯಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬುದು ಕಾಸರಗೋಡಿನ ಕುಂಬಳೆ ಸೀಮೆಗೆಲ್ಲ ಗೊತ್ತಿರುವ ಸಂಗತಿ, ಅದಕ್ಕೆ ನಾಗನವರೆಗೆ ಹೋಗಬೇಕಾಗಿಲ್ಲ. ಆದರೆ ಆ ಚಾವಡಿಯಲ್ಲಿ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನಿದ್ದದ್ದೇ ತಪ್ಪಾಯಿತು. "ನಿನಗೀಗ ಪುರುಸೊತ್ತಿದ್ದಲ್ಲದಾ? ಪೇಟೆಲೇ ಇಪ್ಪದು. ಲೈಬ್ರರಿಗೆ ಹೋಗಿ ನೋಡು" ಎಂದು ದೊಡ್ಡಪ್ಪ ಕೆಲಸ ಒಪ್ಪಿಸಿಬಿಟ್ಟರು. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರಾಗಿದ್ದ ನಾನು ಕೇರಳ ಸರಕಾರದ ಲೆಕ್ಕದಂತೆ 56ಕ್ಕೇ ಮನೆಗೆ ಬಂದವಳು. ಪುರುಸೊತ್ತು ಇದ್ದದ್ದು ಹೌದು.

ತಮಾಷೆಯೆಂದರೆ ಆ ನಾಗ ನನ್ನದಲ್ಲ. ಧಾರೆ ಎರೆದ ದಿನವೇ ನನ್ನ ಗೋತ್ರ ಹೋಯಿತು, ಜತೆಗೆ ನಾಗನೂ ಹೋದ. ತವರುಮನೆಯ ಬೇರು ಹುಡುಕುವ ಕೆಲಸ ಬಂದದ್ದು ಮಾತ್ರ ಆ ಮನೆಯಿಂದ ಹೊರಗೆ ಹೋದವಳ ತಲೆಗೆ.

ಹೊರಡುವಾಗ ಕೈಯಲ್ಲಿದ್ದದ್ದು ಶ್ರಾದ್ಧದ ಮೂರು ಹೆಸರುಗಳು. ನಮ್ಮ ಹವ್ಯಕರಲ್ಲಿ ವಂಶವೃಕ್ಷ ಬರೆದಿಟ್ಟ ಮನೆಗಳು ಬೇಕಾದಷ್ಟಿವೆ, ನಮ್ಮದು ಆ ಪೈಕಿಯಲ್ಲ. ವಸು, ರುದ್ರ, ಆದಿತ್ಯ ಎಂದು ಅಪ್ಪ, ಅಜ್ಜ, ಮುತ್ತಜ್ಜ ಮೂವರಿಗೆ ಮಾತ್ರ ಜಾಗ. ಹೊಸಬರೊಬ್ಬರು ತೀರಿಕೊಂಡು ಸಾಲಿಗೆ ಬಂದರೆ ಮೇಲಿನವರೊಬ್ಬರು ಜಾರಿಹೋಗಬೇಕು. ಅದರ ಮೇಲೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಆದ್ದರಿಂದ ಮೂರು ತಲೆ, ಹೆಸರು ಎರಡೇ. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬಾರದೆಂದು ದೊಡ್ಡಪ್ಪನ ಅಪ್ಪಣೆಯಾಗಿದೆ.

ಎರಡನೆಯದು, ಮರದ ಪೆಟ್ಟಿಗೆಯಲ್ಲಿದ್ದ ಕಾಗದಗಳು. ಓಲೆಗರಿಯ ಒಂದು ಕಟ್ಟು ಇತ್ತು. ತಿಗಳಾರಿ ಲಿಪಿ ಬಲ್ಲವರೊಬ್ಬರಿಗೆ ತೋರಿಸಿದರೆ ಪೂಜೆಯ ಮಂತ್ರಗಳು. ಕೆಲಸಕ್ಕೆ ಬಂದದ್ದು ಅಂಗೈ ಅಗಲದ ಒಂದು ಗೇಣಿ ರಶೀದಿ: "ಪ್ಲವಂಗ ಸಂ||ದ ಚಾಲಗೇಣಿ, ಮಜಲು ಭಟ್ಟರ ಬಾಬ್ತು, ಸಂದಾಯ." ಇಸವಿ ಇಲ್ಲ. ಪ್ಲವಂಗ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಸಂವತ್ಸರ. 1847 ಆಗಬಹುದು, 1907 ಆಗಬಹುದು. ದೊಡ್ಡಪ್ಪನಿಗೆ 1847ರ ಮೇಲೆ ಪ್ರೀತಿ. ಗೃಹಪ್ರವೇಶದ ಕಾಗದದಲ್ಲಿ "ನೂರೆಪ್ಪತ್ತು ವರ್ಷಗಳ ಇತಿಹಾಸವಿರುವ" ಎಂದು ಒಮ್ಮೆ ಅಚ್ಚು ಹಾಕಿಸಿಯೂ ಆಗಿದೆ.

ಮೂರನೆಯದು ಅಜ್ಜಿಯ ಒಂದು ಮಾತು. ಅದನ್ನು ಆಮೇಲೆ ಹೇಳುತ್ತೇನೆ.

ಲೈಬ್ರರಿ ಇರುವುದು ಮಾಳಿಗೆಯಲ್ಲಿ. ಕೆಳಗೆ ಅಂಗಡಿಗಳು. ಮೆಟ್ಟಿಲು ಹತ್ತುವಾಗ ಎಣ್ಣೆತಿಂಡಿಯ ಪರಿಮಳ, ಹತ್ತಿದ ಮೇಲೆ ಹಳೆ ಕಾಗದದ ವಾಸನೆ. ಕೇರಳದಲ್ಲಿ ವಾಯನಶಾಲೆ, ಎಂದರೆ ಓದುವ ಮನೆ, ಇಲ್ಲದ ಊರಿಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ಶುರುಮಾಡಿದ ಗ್ರಂಥಶಾಲಾ ಸಂಘದ ಫಲ ಅದು, ಮೆಚ್ಚಲೇಬೇಕು. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು ಗಡಿಯಾರಕ್ಕಿಂತ ಕರಾರುವಾಕ್ಕು. ಕನ್ನಡದ ಕಪಾಟುಗಳು ಮಾತ್ರ ಹಿಂದಿನ ಗೋಡೆಗೆ, ಶೌಚಾಲಯದ ಬಾಗಿಲಿನ ಪಕ್ಕ. ಕ್ಯಾಟಲಾಗ್ ಕಂಪ್ಯೂಟರಿನಲ್ಲಿದೆ, ಆದರೆ ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾರೆ. ಲ, ಳ ಎರಡೂ ಒಂದೇ. ಕಲೆಯೋ ಕಳೆಯೋ ಕಾಲವೋ, ಪುಸ್ತಕ ಕೈಗೆ ಬಂದ ಮೇಲೆಯೇ ತಿಳಿಯುವುದು. ನಾನು ಎರಡನೇ ದಿನ ಕಂಪ್ಯೂಟರ್ ಬಿಟ್ಟು ಕಪಾಟಿನ ಮುಂದೆ ಮಣೆ ಹಾಕಿಕೊಂಡು ಕುಳಿತೆ.

ಲೈಬ್ರೇರಿಯನ್ ನನ್ನ ಮಗಳ ಪ್ರಾಯದ ಹುಡುಗಿ. ಚಂದ್ರಗಿರಿ ಹೊಳೆಯ ತೆಂಕಿನವಳು, ಮನೆಮಾತು ಮಲಯಾಳ. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಹೋದರೆ ಒಂದನೇ ಕ್ಲಾಸಿನ ಮಗು. ಹೀಗೆ ಒಬ್ಬರ ಕಣ್ಣು ಇನ್ನೊಬ್ಬರಿಗೆ ಎರವಲು ಕೊಟ್ಟುಕೊಂಡು ಕೆಲಸ ನಡೆಯಿತು. ನಿವೃತ್ತಳಾದರೂ ಅವಳಿಗೆ ನಾನು "ಟೀಚರೇ". ಕಾಸರಗೋಡಿನಲ್ಲಿ ಒಮ್ಮೆ ಟೀಚರಾದರೆ ಚಿತೆಗೇರುವವರೆಗೂ ಟೀಚರೇ.

ಮೊದಲ ಎರಡು ವಾರ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಚರಿತ್ರೆಯ ದಪ್ಪ ಪುಸ್ತಕಗಳನ್ನು ಇಳಿಸಿಕೊಂಡು ಕುಳಿತೆ. 1801ರಲ್ಲಿ ಈ ದಾರಿಯಾಗಿ ಹೋದ ಕಂಪನಿ ಸರಕಾರದ ಬುಕಾನನ್ ಕುಂಬಳೆಯ ಅರಸರ ವಿಷಯ ಬರೆಯುತ್ತಾನೆ, ಕೃಷಿಯ ವಿಷಯ ಬರೆಯುತ್ತಾನೆ. ನಮ್ಮ ಮನೆಯ ವಿಷಯ ಬರೆಯಲು ಅವನಿಗೇನು ಹುಚ್ಚೇ? ಗೆಜೆಟಿಯರುಗಳನ್ನು ನೋಡಿದರೆ ಇನ್ನೊಂದು ಕತೆ. 1973ರಲ್ಲಿ ಬಂದ ದಕ್ಷಿಣ ಕನ್ನಡದ ಗೆಜೆಟಿಯರ್ ಹೊತ್ತಿಗೆ ನಾವು ಆ ಜಿಲ್ಲೆಯವರಲ್ಲ. ಅದಕ್ಕೆ ಒಂದು ವರ್ಷ ಮೊದಲು ಬಂದ ಕಣ್ಣೂರಿನ ಗೆಜೆಟಿಯರಿನಲ್ಲಿ ಬಡಗು ತುದಿಯ ತಾಲೂಕು. ಒಂದೇ ಜಾಗದಲ್ಲಿ ಕುಳಿತಿದ್ದ ನಮ್ಮಜ್ಜ ನಾಲ್ಕು ಜಿಲ್ಲೆಗಳ ಪ್ರಜೆಯಾಗಿದ್ದರು ಎಂದು ನಾನು ಲೆಕ್ಕ ಹಾಕಿದ್ದು ಆಗಲೇ. 1956ರ ಅಕ್ಟೋಬರ್ ಕೊನೆಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ. ನವೆಂಬರ್ 1ರಿಂದ ಕೇರಳದ ಮಲಬಾರ್. ಎರಡೇ ತಿಂಗಳು ಕಳೆದು, 1957ರ ಜನವರಿ 1ರಂದು ಮಲಬಾರ್ ಮೂರು ಪಾಲಾದಾಗ ಕಣ್ಣೂರು. ಕೊನೆಗೆ 1984ರ ಮೇ 24ರಿಂದ ಕಾಸರಗೋಡು. ಕಾಗದಪತ್ರ ಹುಡುಕುವವರಿಗೆ ಇದು ಬರೀ ಜಂಬದ ಮಾತಲ್ಲ. ಯಾವ ಇಸವಿಯದ್ದು ಬೇಕೆಂಬುದರ ಮೇಲೆ ಮಂಗಳೂರಿಗೆ ಹೋಗಬೇಕೋ ಮದರಾಸಿಗೋ ಕಲ್ಲಿಕೋಟೆಗೋ ಎಂಬುದು ನಿಂತಿರುತ್ತದೆ. 1956ರ ಹಿಂದಿನದ್ದು ಕನ್ನಡದಲ್ಲಿ, ಮುಂದಿನದ್ದು ಬರಬರುತ್ತಾ ಮಲಯಾಳದಲ್ಲಿ.

ಪ್ಲವಂಗದ ತಗಾದೆ ಬಗೆಹರಿದದ್ದು ರೈಲಿನಿಂದ. ಅಜ್ಜಿಯ ಮಾತು ಎಂದೆನಲ್ಲ, ಅದು ಇದು: "ರೈಲು ಬಂದ ವರ್ಷ ಹೊಳೆ ದಾಂಟಿದ್ದಡ." ಹಪ್ಪಳ ಒತ್ತುವಾಗಲೋ ಹಲಸಿನ ಸೊಳೆ ಬಿಡಿಸುವಾಗಲೋ ಅಜ್ಜಿ ಹೀಗೆ ಹೇಳಿದ್ದನ್ನು ನಾನೂ ಕೇಳಿದ್ದೇನೆ, ದೊಡ್ಡಪ್ಪನೂ ಕೇಳಿದ್ದಾರೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಪ್ಲವಂಗವೂ ಅದೇ ವರ್ಷ. ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಮನೆಯ ಪ್ರಾಯ ಅರುವತ್ತು ವರ್ಷ ಇಳಿದದ್ದು ಅವರಿಗೆ ಸರಿಬೀಳಲಿಲ್ಲ. "ರೈಲು ಹೇದರೆ ಯಾವ ರೈಲೋ ಎಂತದೋ" ಅಂದರು.

ಸ್ಟರಕ್ ಎಂಬ ಇಂಗ್ಲಿಷ್ ಅಧಿಕಾರಿ 1894ರಲ್ಲಿ ಬರೆದ ದಕ್ಷಿಣ ಕನ್ನಡದ ಮ್ಯಾನ್ಯುಯಲ್ ಕೂಡ ಇತ್ತು, ಜೆರಾಕ್ಸ್ ಮಾಡಿ ರಟ್ಟು ಹಾಕಿದ ಪ್ರತಿ. ಬೇರೇನೂ ಸಿಗದಿದ್ದಕ್ಕೆ ಭೂಮಿಯ ಅಧ್ಯಾಯ ಓದತೊಡಗಿದೆ. ಮೂಲಗೇಣಿಯೆಂದರೆ ಒಕ್ಕಲೆಬ್ಬಿಸಲಾಗದ ಶಾಶ್ವತ ಗೇಣಿ, ಚಾಲಗೇಣಿಯೆಂದರೆ ವರ್ಷವರ್ಷದ್ದು, ಧಣಿ ಬೇಡವೆಂದರೆ ಎದ್ದು ಹೋಗಬೇಕು. ನಮ್ಮದು ಚಾಲಗೇಣಿ. ಹಾಗಾದರೆ ಇಲ್ಲಿಗೆ ಬಂದವರು ಕೈಯಲ್ಲಿ ಹಣವಿಲ್ಲದೆ ಬಂದವರು. ಮುಂದಿನ ಪುಟದಲ್ಲಿ ಗದ್ದೆಗಳ ವಿಷಯ. ತಗ್ಗಿನಲ್ಲಿ ನೀರು ನಿಲ್ಲುವಂಥದ್ದು ಬಯಲು, ಮೂರು ಬೆಳೆಯೂ ತೆಗೆಯಬಹುದು. ಅದಕ್ಕಿಂತ ಸ್ವಲ್ಪ ಮೇಲಿನದ್ದು ಮಜಲು, ಎರಡು ಬೆಳೆ. ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು, ಒಂದೇ ಬೆಳೆ.

ಇದೇನು ನನಗೆ ಗೊತ್ತಿಲ್ಲದ್ದಲ್ಲ, ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಪುಸ್ತಕದಲ್ಲಿ ಅಚ್ಚಾದ ಆ ಶಬ್ದ ನೋಡಿದಾಗ ಪುಟ ಮಗುಚಲು ಕೈ ಹೋಗಲಿಲ್ಲ. ನಮ್ಮ ಮನೆಹೆಸರು ಮಜಲು. ನಮ್ಮ ಮನೆ ಇರುವುದು ಗುಡ್ಡೆಯ ನೆತ್ತಿಗಿಂತ ಸ್ವಲ್ಪ ಕೆಳಗೆ, ಮುರಕಲ್ಲಿನ ಮೇಲೆ. ಅಂಗಳದಿಂದ ಕಲ್ಲು ಉರುಳಿಸಿದರೆ ತೋಟದಲ್ಲಿ ಬೀಳುತ್ತದೆ, ಅಷ್ಟು ಇಳಿಜಾರು. ಅಲ್ಲಿ ಗದ್ದೆ ಈಗಲೂ ಇಲ್ಲ, ಹಿಂದೆಯೂ ಇರಲು ಸಾಧ್ಯವಿಲ್ಲ. ಮನೆ ಇದ್ದ ಜಾಗದಿಂದ ಬಂದ ಹೆಸರಲ್ಲ ಅದು. ಬಂದವರು ಹೊತ್ತು ತಂದ ಹೆಸರು. ರಶೀದಿಯಲ್ಲಿಯೂ ಮೊದಲ ವರ್ಷವೇ "ಮಜಲು ಭಟ್ಟರು". ಐವತ್ತು ವರ್ಷ ಆ ಮನೆಯನ್ನು ಮಜಲು, ಮಜಲು ಎಂದು ಕರೆದೆವು, ಗುಡ್ಡೆಯ ಮೇಲೆ ಮಜಲು ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ.

ಇಷ್ಟು ಗೊತ್ತಾದದ್ದೇ ತಡ, ತಲೆ ನಿಲ್ಲಲಿಲ್ಲ. ಮಜಲು ಎಂಬ ಮನೆಗಳು ಸೀಮೆಯಲ್ಲಿ ಎಷ್ಟಿಲ್ಲ! ಮುಳ್ಳೇರಿಯದ ಕಡೆ ಒಂದು ಮಜಲು ಇದೆಯೆಂದು ಯಾರೋ ಹೇಳಿದ್ದನ್ನೇ ಹಿಡಿದುಕೊಂಡು ಬಸ್ಸು ಹತ್ತಿದೆ. ಹೋದಕೂಡಲೇ "ಆಸರಿಂಗೆಂತ ಅಕ್ಕು?" ಎಂದು ಉಪಚಾರ, ಬೆಲ್ಲ, ನೀರು, ಆಮೇಲೆ ಕಾಫಿ, ಆಮೇಲೆ ಊಟಕ್ಕೇ ನಿಲ್ಲಿ ಎಂಬ ಒತ್ತಾಯ. ಆ ಮನೆಯ ಅಜ್ಜನೂ ನಾನೂ ಸೇರಿ ಎರಡು ಗಂಟೆಯಲ್ಲಿ ಐದು ತಲೆಮಾರಿನ ಸಂಬಂಧ ಕಟ್ಟಿದೆವು. ಇವರ ಮುತ್ತಜ್ಜನ ತಮ್ಮನೊಬ್ಬ ಎಲ್ಲಿಗೋ ಹೋಗಿದ್ದನಂತೆ, ಅವನೇ ನಮ್ಮವನು ಎಂದು ತೀರ್ಮಾನವೂ ಆಯಿತು. ಎಲೆ ಮುಂದೆ ಕುಳಿತ ಮೇಲೆ ಅಜ್ಜ ಮೆಲ್ಲಗೆ ಕೇಳಿದರು, ನಿಮ್ಮ ತವರಿನ ಗೋತ್ರ ಯಾವುದು? ಹೇಳಿದೆ. ಅಜ್ಜ ಹುಳಿಗೆ ಕೈ ಹಾಕಿದವರು ಹಾಗೆಯೇ ನಿಂತರು. ಅವರದು ಬೇರೆ. ಮೊದಲ ಪ್ರಶ್ನೆಯಾಗಬೇಕಾದ್ದನ್ನು ಪಾಯಸದ ಹೊತ್ತಿಗೆ ಕೇಳಿದ ಮೂರ್ಖತನ ಇಬ್ಬರದ್ದೂ. ಪಾಯಸ ಮಾತ್ರ ಚೆನ್ನಾಗಿತ್ತು.

ಪುನಃ ಲೈಬ್ರರಿ. ಅಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ಕಪಾಟಿನ ಕೆಳಗಿನ ಅಂಕಣದಲ್ಲಿ ಹಗ್ಗ ಕಟ್ಟಿದ ಏಳೆಂಟು ಕಟ್ಟುಗಳಿದ್ದವು. ನೆಲ ಒದ್ದೆಯಾಗುತ್ತಿದೆಯೆಂದು ಹುಡುಗಿ ಅವನ್ನು ಮೇಜಿನ ಮೇಲಿಡುತ್ತಿದ್ದಳು. ಏನವು ಎಂದು ಕೇಳಿದೆ. ಯಾರೋ ಹಿರಿಯರು ತೀರಿಕೊಂಡ ಮೇಲೆ ಮನೆಯವರು ತಂದುಕೊಟ್ಟದ್ದು, ಕನ್ನಡದ್ದು, ನಂಬರ್ ಹಾಕಲು ಪುರುಸೊತ್ತಾಗಿಲ್ಲ ಅಂದಳು. ಬಿಚ್ಚಿದರೆ ಎಲ್ಲ ಸ್ಮರಣ ಸಂಚಿಕೆಗಳು. ಬ್ರಹ್ಮಕಲಶೋತ್ಸವದ್ದು, ಶಾಲೆಯ ವಜ್ರಮಹೋತ್ಸವದ್ದು, ಭಜನಾ ಮಂದಿರದ್ದು, ಸಹಕಾರಿ ಸಂಘದ್ದು, ಯಕ್ಷಗಾನ ಸಂಘದ್ದು.

ಇಂಥ ಸಂಚಿಕೆಯನ್ನು ಮನೆಯಲ್ಲಿ ಯಾರೂ ಇಡುವುದಿಲ್ಲ. ಬ್ರಹ್ಮಕಲಶ ಮುಗಿದ ಮಳೆಗಾಲದಲ್ಲಿ ಅದು ಬಚ್ಚಲ ಒಲೆಗೋ ಗುಜರಿಗೋ ಹೋಗುತ್ತದೆ. ನಾನೇ ಎಷ್ಟು ಕಳಿಸಿಲ್ಲ? ಒಳಗೆ ಶುಭಾಶಯಗಳು, ಅಡಿಕೆ ವ್ಯಾಪಾರಿಗಳ ಜಾಹೀರಾತು, ಸ್ವಾಮಿಗಳ ಆಶೀರ್ವಚನ. ಅದೆಲ್ಲ ದಾಟಿ ಕೊನೆಯ ಪುಟಗಳಿಗೆ ಹೋಗಬೇಕು. ದಾನಿಗಳ ಪಟ್ಟಿ ಅಲ್ಲಿರುತ್ತದೆ, ಮನೆಹೆಸರು ಸಮೇತ, ತಂದೆಯ ಹೆಸರು ಸಮೇತ, ಕೆಲವು ಕಡೆ "ಸದ್ಯ ಮುಂಬಯಿ" ಎಂಬ ವಿಳಾಸ ಸಮೇತ. ಶಾಲೆಯ ಸಂಚಿಕೆಯಲ್ಲಿ ಮೊದಲ ವರ್ಷದ ಹಾಜರಿಯಿಂದ ನಕಲು ಮಾಡಿದ ಮಕ್ಕಳ ಹೆಸರು. ದೇವಸ್ಥಾನದ್ದರಲ್ಲಿ ಗ್ರಾಮಕ್ಕೆ ಸೇರಿದ ಮನೆಗಳು, ಯಾವ ಮನೆಯಿಂದ ಯಾವ ಸೇವೆ, ಯಾರಿಗೆ ಪ್ರಸಾದದ ಮರ್ಯಾದೆ ಎಂಬ ವಿವರ. ಯಾವ ಚರಿತ್ರೆಕಾರನೂ ಬರೆಯದ ಚರಿತ್ರೆ ಅದು. ಬರೆಯಿಸಿದ್ದು ಮರ್ಯಾದೆಯ ಆಸೆ. ಮರ್ಯಾದೆ ತಪ್ಪಿದರೆ ಜಗಳವಾಗುತ್ತದೆಂದು ಸಮಿತಿಯವರು ಒಂದು ಮನೆಯನ್ನೂ ಬಿಡುವುದಿಲ್ಲ.

ನಾಲ್ಕನೇ ಕಟ್ಟಿನಲ್ಲಿ ಪೈವಳಿಕ ಕಡೆಯ ಒಂದು ದೇವಸ್ಥಾನದ ಸಂಚಿಕೆ, ರಟ್ಟು ಹೋಗಿದೆ, ಬೆಳ್ಳಿಮೀನು ಹುಳ ತಿಂದ ಪುಟಗಳು. "ಗ್ರಾಮದ ಹಿಂದಿನ ಮನೆತನಗಳು" ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಸರು. ಏಳನೆಯದ್ದರಲ್ಲಿ ಮೊದಲೊಂದು ಊರಿನ ತುಂಡು, ಅದಕ್ಕೆ ಅಂಟಿಕೊಂಡು "ಮಜಲು". ಮುಂದೆ ನಮ್ಮ ಗೋತ್ರ. ಅದರ ಮುಂದೆ ನಾಲ್ಕು ಶಬ್ದ: "ಈಗ ಊರಿನಲ್ಲಿ ಯಾರೂ ಇಲ್ಲ."

ಹೆಸರಿನ ಮುಂದಿನ ತುಂಡು ಹೊಳೆಯಲ್ಲೇ ಬಿದ್ದುಹೋಗಿ ಬಾಲ ಮಾತ್ರ ನಮ್ಮ ಜತೆ ಬಂದಿತ್ತು. ಶಿರಿಯ ಹೊಳೆಯ ಬಡಗು ಬದಿಯ ಊರು ಅದು. ನಾನು ಗಟ್ಟಿಯಾಗಿ ಏನೋ ಅಂದಿರಬೇಕು, ಪೇಪರ್ ಓದುತ್ತಿದ್ದ ಹಿರಿಯರೆಲ್ಲ ಕನ್ನಡಕದ ಮೇಲಿನಿಂದ ನೋಡಿದರು.

ಊರು ಸಿಕ್ಕಿದರೆ ಸಾಲದಲ್ಲ, ಇವರೇ ಅವರು ಎಂಬುದಕ್ಕೆ ದಾಖಲೆ ಬೇಕು. ಅದಕ್ಕೆ ಇರುವ ದಾರಿ ರಿಜಿಸ್ಟ್ರಿ ಕಚೇರಿ. ಜಾಗ ಕೈಬದಲಾದ ದಸ್ತಾವೇಜುಗಳನ್ನೆಲ್ಲ ಅಲ್ಲಿ ಒಂದನೇ ಪುಸ್ತಕದಲ್ಲಿ ನಕಲು ಮಾಡಿ ಇಡುತ್ತಾರೆ. ಹುಡುಕಲು ಎರಡು ಇಂಡೆಕ್ಸ್: ಒಂದನೆಯದ್ದು ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರಿನದ್ದು, ಎರಡನೆಯದ್ದು ಜಾಗದ್ದು. ಅರ್ಜಿ ಕೊಟ್ಟು, ಇಷ್ಟು ವರ್ಷಕ್ಕೆ ಇಷ್ಟೆಂದು ಫೀಸು ಕಟ್ಟಿದರೆ ಹುಡುಕಿಸಬಹುದು. ನಾನು ಶ್ರಾದ್ಧದ ಮೂರು ಹೆಸರಲ್ಲಿ ಎಲ್ಲಕ್ಕಿಂತ ಮೇಲಿನದ್ದನ್ನು ಬರೆದು, 1900ರಿಂದ 1910ರವರೆಗೆ ಎಂದು ಅರ್ಜಿ ಹಾಕಿದೆ. ಮೂರು ಸಲ ಹೋದೆ. ಮೊದಲ ಸಲ ನೋಡುವವರು ರಜೆ, ಎರಡನೇ ಸಲ ಕರೆಂಟಿಲ್ಲ, ಮೂರನೇ ಸಲ "ಇಲ್ಲ". ಇಂಡೆಕ್ಸ್ ಪೂರ್ತಿ ನೋಡಿದಿರೋ ಎಂದು ಕೇಳಿದ್ದಕ್ಕೆ, ನಿಮಗೆ ನಂಬಿಕೆ ಇಲ್ಲದಿದ್ದರೆ ಇನ್ನೊಂದು ಅರ್ಜಿ ಕೊಡಿ ಎಂಬ ಉತ್ತರ. ಕೋಪ ಬಂತು. ತಪ್ಪು ನನ್ನದೇ ಎಂದು ಆಗ ಗೊತ್ತಿರಲಿಲ್ಲ.

ಮರುದಿನ ಲೈಬ್ರರಿಯಲ್ಲಿ ಹುಡುಗಿಯ ಮುಂದೆ ಅದನ್ನೆಲ್ಲ ಹೇಳಿಕೊಂಡೆ. ಅವಳು ಆಗ ನಮ್ಮ ಪಟ್ಟಯ, ಎಂದರೆ ಜಾಗದ ಹಕ್ಕುಪತ್ರ, ಓದಿ ಹೇಳುತ್ತಿದ್ದಳು. 1970ರ ಜನವರಿ 1ರಿಂದ ಗೇಣಿದಾರರೇ ಒಡೆಯರೆಂದು ಕೇರಳದಲ್ಲಿ ಕಾನೂನು ಜಾರಿಯಾಯಿತಲ್ಲ, ಆಗ ಲ್ಯಾಂಡ್ ಟ್ರಿಬ್ಯೂನಲಿನಿಂದ ಅಜ್ಜನಿಗೆ ಸಿಕ್ಕಿದ್ದು. ಜನ್ಮಿ (ಧಣಿ) ಯಾರು, ಕುಡಿಯಾನ್ (ಒಕ್ಕಲು) ಯಾರು, ಎಂದಿನಿಂದ ಗೇಣಿ ಎಂಬುದೆಲ್ಲ ಅದರಲ್ಲಿದೆ. ಮನೆಯಲ್ಲಿ ಎಲ್ಲರೂ ಜೋಪಾನವಾಗಿ ಇಟ್ಟಿರುತ್ತಾರೆ, ಮಲಯಾಳವೆಂದು ಯಾರೂ ಓದಿರುವುದಿಲ್ಲ. ಓದುವುದನ್ನು ನಿಲ್ಲಿಸಿ ಅವಳು ಕೇಳಿದಳು, "ಟೀಚರೇ, ಅಮ್ಮೇಡೆ ಪೇರಿಲ್ ನೋಕ್ಕಿಯೋ?"

ಅಮ್ಮನ ಹೆಸರಲ್ಲಿ ನೋಡಿದಿರಾ ಎಂದು. ಅವಳಿಗೆ ಅದು ಸಹಜವಾಗಿ ಬಂದ ಪ್ರಶ್ನೆ. ಅವಳ ತರವಾಡಿನಲ್ಲಿ ಲೆಕ್ಕ ನಡೆಯುವುದು ತಾಯಿಯಿಂದ, ಅಜ್ಜಿಯಿಂದ. ಮೂಲ ಕೇಳಿದರೆ ಅವಳು ಹೇಳುವುದೇ ಒಬ್ಬ ಹೆಂಗಸಿನ ಹೆಸರು. ನಾನು ಎರಡು ತಿಂಗಳಿನಿಂದ ಗಂಡಸರ ಹಿಂದೆಯೇ ಸುತ್ತುತ್ತಿದ್ದೆ.

ಆಗ ಅಜ್ಜಿಯ ಮಾತು ಇನ್ನೊಮ್ಮೆ ಕೇಳಿಸಿತು. "ಹೊಳೆ ದಾಂಟಿದ್ದಡ." ದಾಟಿದ್ದು ಯಾರೆಂದು ಅಜ್ಜಿ ಹೇಳಿಲ್ಲ. ನಾವೆಲ್ಲ ಅಲ್ಲಿ ಒಬ್ಬ ಭಟ್ಟರನ್ನು, ಜುಟ್ಟು ಕಟ್ಟಿಕೊಂಡು ತಲೆಯ ಮೇಲೆ ಗಂಟು ಹೊತ್ತವರನ್ನು, ನಾವೇ ತಂದು ನಿಲ್ಲಿಸಿದ್ದೆವು. ಆದರೆ ನಮ್ಮ ಹವ್ಯಕ ಭಾಷೆಯಲ್ಲಿ ಮನೆಯ ಹಿರಿಯ ಗಂಡಸಿನ ವಿಷಯವಾದರೆ ಅಜ್ಜಿ "ದಾಂಟಿದ್ದವಡ" ಅನ್ನಬೇಕಿತ್ತು. ಗಂಡಸಿಗೆ "ಅವು". ಹೆಂಗಸಿಗೆ ನಾವು ಹೇಳುವುದು "ಅದು". ಅಮ್ಮ ಬಂತು, ಅಕ್ಕ ಹೋತು, ಅಜ್ಜಿ ದಾಂಟಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲಿಂಗ, ವಚನ, ವಿಭಕ್ತಿ ಕಲಿಸಿದವಳಿಗೆ ಸ್ವಂತ ಅಜ್ಜಿಯ ಕ್ರಿಯಾಪದ ಅರ್ಥವಾಗಿರಲಿಲ್ಲ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. ನಿಮ್ಮ ಅಜ್ಜನ ಅಮ್ಮನ ಹೆಸರೇನು? "ಅದೆಲ್ಲ ಆರಿಂಗೆ ಗೊಂತು" ಅಂದರು. ಮಹಾಲಯದಲ್ಲಿ ತರ್ಪಣ ಕೊಡುವಾಗ ಅಮ್ಮ, ಅಜ್ಜಿ ಆದಮೇಲೆ ಮೂರನೆಯದ್ದು ಯಾರದ್ದು ಹೇಳುತ್ತೀರಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಂತ್ರದ ರಾಗದಲ್ಲೇ, ಗೋತ್ರ ಸಮೇತ, ಆದಿತ್ಯರೂಪ ಸಮೇತ, ಆ ಹೆಸರು ತಾನಾಗಿ ಹೊರಗೆ ಬಂತು. ಪ್ರತಿ ವರ್ಷ ಎಳ್ಳು ನೀರು ಬಿಡುತ್ತಾ ಹೇಳುತ್ತಿದ್ದ ಹೆಸರು. ಅದು ಒಬ್ಬ ಮನುಷ್ಯಳ ಹೆಸರೆಂದು ಅವರಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲವೋ ಏನೋ.

ಇನ್ನೊಂದು ಅರ್ಜಿ, ಇನ್ನೊಮ್ಮೆ ಫೀಸು. ಈ ಸಲ ಮೇಜಿನಲ್ಲಿ ಬೇರೊಬ್ಬರಿದ್ದರು. ತರ್ಪಣದ ಹೆಸರು ಸಂಸ್ಕೃತದ ಉದ್ದ ಹೆಸರು, ಕರೆಯುವ ಹೆಸರು ಅದರ ಮೊಟಕು ಆಗಿದ್ದಿರಬೇಕೆಂದು ಎರಡೂ ಬರೆದುಕೊಟ್ಟಿದ್ದೆ. ಮೊಟಕು ಹೆಸರಿನಲ್ಲೇ ಸಿಕ್ಕಿತು, ರಶೀದಿಯ ಹಿಂದಿನ ವರ್ಷದ ದಸ್ತಾವೇಜು. ನಕಲು ಕೈಗೆ ಬರಲು ಮತ್ತೆ ಹತ್ತು ದಿನ.

ಗುಮಾಸ್ತರ ಅಕ್ಷರ ಮಳೆನೀರಿನ ಹಾಗೆ ಓಡುತ್ತದೆ. ಲೈಬ್ರರಿಯ ಕಿಟಕಿಯ ಬಳಿ ಕುಳಿತು ಓದಿದೆ. ಗಂಡ ತೀರಿಕೊಂಡಿದ್ದಾನೆ. ತಾನೂ, "ಅಪ್ರಾಪ್ತವಯಸ್ಕನಾದ ನನ್ನ ಮಗನ ಪೋಷಕಳಾಗಿಯೂ" ಎಂದು ಬರೆಸಿ, ಆ ಮಜಲಿನ ಮನೆಯಲ್ಲೂ ಗದ್ದೆಯಲ್ಲೂ ತಮಗಿರುವ ಹಕ್ಕನ್ನು ಗಂಡನ ತಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಕೊಟ್ಟ ಹಣ ಎಷ್ಟೆಂದೂ ಬರೆದಿದೆ. ಅದನ್ನು ಓದಿ ಮೈದುನನ ಮೇಲೆ ನನಗೆ ಬಂದ ಸಿಟ್ಟಿಗೆ ಈಗ ಅರ್ಥವಿಲ್ಲ. ಕೆಳಗೆ "ಎಡಗೈ ಹೆಬ್ಬೆಟ್ಟು" ಎಂದಷ್ಟೇ ಇದೆ. ನಕಲಿನಲ್ಲಿ ಬೆರಳಿನ ಗುರುತು ಬರುವುದಿಲ್ಲ, ಗುಮಾಸ್ತ ಬರೆದ ಆ ಎರಡು ಶಬ್ದ ಮಾತ್ರ. ನಮ್ಮ ಶ್ರಾದ್ಧದ ಸಾಲಿನಲ್ಲಿ ಮಧ್ಯದಲ್ಲಿ ಕೂರುವ ಮುತ್ತಜ್ಜ ಆ ಕಾಗದದಲ್ಲಿ ಎಂಟು ವರ್ಷದ ಹುಡುಗ.

ಹುಡುಗಿಗೆ ಕನ್ನಡದಲ್ಲೇ ಓದಿ ಹೇಳಿದೆ. ಹೆಬ್ಬೆಟ್ಟು ಎಂಬಲ್ಲಿಗೆ ಬರುವಾಗ ಅವಳು ತನ್ನ ಎಡಗೈಯನ್ನೇ ನೋಡಿಕೊಂಡಳು.

ಮಳೆ ಬಿಟ್ಟ ಮೇಲೆ ದೊಡ್ಡಪ್ಪನನ್ನೂ ತಮ್ಮಂದಿರನ್ನೂ ಕೂಡಿಕೊಂಡು ಆ ಊರಿಗೆ ಹೋದೆವು. ಮೈದುನನ ಕಡೆಯವರೂ ಯಾವತ್ತೋ ಮಾರಿ ಹೋಗಿದ್ದಾರೆ. ಗದ್ದೆ ಮುಚ್ಚಿ ಅಡಿಕೆ, ಮೇಲೆ ರಬ್ಬರ್. ಜಾಗ ಈಗ ಒಬ್ಬ ಬ್ಯಾರಿ ಹಿರಿಯರದ್ದು. ರಬ್ಬರಿನ ಸಾಲು ಒಂದು ಕಡೆ ತಟ್ಟನೆ ನಿಂತು ಹತ್ತಿಪ್ಪತ್ತು ಕಾಡುಮರ, ಬಿಳಲು, ಬುಡದಲ್ಲಿ ಪಾಚಿ ಹಿಡಿದ ಮೂರು ಕಲ್ಲು. "ಅಲ್ಲಿಗೆ ನಾವು ಕತ್ತಿ ಕೊಂಡೋಗುದಿಲ್ಲ ಅಕ್ಕಾ, ನಮ್ಮ ಬಾಪನೂ ಕೊಂಡೋಗ್ಲಿಲ್ಲ" ಅಂದರು ಅವರು. ದೊಡ್ಡಪ್ಪ ಅಲ್ಲಿಯೇ ಚಪ್ಪಲಿ ಕಳಚಿ ಕೈಮುಗಿದರು. ಇದೇ ನಮ್ಮ ಮೂಲ ನಾಗಬನವೋ ಎಂದು ಯಾವ ದಸ್ತಾವೇಜಿನಲ್ಲೂ ಬರೆದಿಲ್ಲ. ದೈವಜ್ಞರು ಹೌದು ಅಂದಿದ್ದಾರೆ. ನಾಗನಿಗೆ ಆಶ್ಲೇಷಾ ಬಲಿ ಕೊಡಲು ದಿನ ನೋಡುತ್ತಿದ್ದಾರೆ.

ಅದರ ಆಮಂತ್ರಣದ ಜತೆಗೆ ವಂಶವೃಕ್ಷವನ್ನೂ ಅಚ್ಚು ಹಾಕಿಸುವುದೆಂದು ತೀರ್ಮಾನ. ಬರೆಯುವ ಕೆಲಸವೂ ನನಗೇ. ಎಲ್ಲಕ್ಕಿಂತ ಮೇಲೆ ಆ ಹೆಂಗಸಿನ ಹೆಸರು ಬರೆದು, ಅದರ ಕೆಳಗೆ "1907ರಲ್ಲಿ ಎಳೆಯ ಮಗನೊಂದಿಗೆ ಹೊಳೆ ದಾಟಿ ಬಂದವರು" ಎಂದು ಹಾಕಿ ಕೊಟ್ಟೆ. ದೊಡ್ಡಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ಒಳ್ಳೆಯದಾಗಿದೆ ಅಂದರು. ಆಮೇಲೆ ಪೆನ್ಸಿಲ್ ತೆಗೆದು, ಮೇಲೆ ಗಂಡನ ಹೆಸರು ಬರಲಿ, ಇದು ಪಕ್ಕದಲ್ಲಿ ಕಂಸದೊಳಗೆ ಇರಲಿ, ನೋಡುವವರು ಎಂತ ಹೇಳ್ತವು ಅಂದರು. ಎಂಬತ್ತೆರಡು ವರ್ಷದವರ ಹತ್ತಿರ ಎಷ್ಟೆಂದು ವಾದಿಸುವುದು? ಪ್ರೆಸ್ಸಿಗೆ ಹಾಗೆಯೇ ಹೋಗಿದೆ.

ನನ್ನ ಮೊದಲಿನ ಪ್ರತಿಯನ್ನು, ದಸ್ತಾವೇಜಿನ ಜೆರಾಕ್ಸ್, ರಶೀದಿಯ ಫೋಟೋ ಸಮೇತ ಪಿನ್ನು ಹೊಡೆದು ಲೈಬ್ರರಿಗೆ ಕೊಟ್ಟೆ. ಸ್ಮರಣ ಸಂಚಿಕೆಗಳಿಗೆಲ್ಲ ಈಗ ನಂಬರ್ ಬಿದ್ದಿದೆ, ಹಗ್ಗ ಹೋಗಿ ರಟ್ಟಿನ ಪೆಟ್ಟಿಗೆ ಬಂದಿದೆ. ಹುಡುಗಿ ರಿಜಿಸ್ಟರ್ ತೆರೆದು, ಪುಸ್ತಕದ ಹೆಸರು ಏನೆಂದು ಹಾಕಲಿ ಎಂದು ಕೇಳಿದಳು. ನಾನು ಆ ಹೆಂಗಸಿನ ಹೆಸರು ಹೇಳಿದೆ, ಮೊಟಕು ಹೆಸರು. ಅವಳು ಮಲಯಾಳದಲ್ಲಿ ಬರೆದಳು. ಮನೆಯವರೆಲ್ಲ ಓದಲಾರರು, ಆದರೆ ಸರಿಯಾಗಿ ಬರೆದಿದ್ದಾಳೆ, ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿದ್ದೇನೆ.